ಬಾಳೆಹಣ್ಣಿನ ವಾಸನೆಯ ಎಸ್ಟರ್: ಕಲಬುರಗಿ ಬಿಸಿಲಲ್ಲಿ ಮಾಡುವ ಬಗೆ

ಆಲ್ಕೋಹಾಲ್ ಮತ್ತು ಆಮ್ಲ ಸೇರಿ ಆಗುವ ವಸ್ತುವೇ ಎಸ್ಟರ್. ಅಂಥದ್ದೊಂದಾದ ಐಸೊಅಮೈಲ್ ಅಸಿಟೇಟ್ ಅಂದರೆ ಬಿ.ಎಸ್ಸಿ. ಹುಡುಗರಿಗೆ ಖುಷಿ. ಒಂದು ತಾಸಿನಲ್ಲಿ ಲ್ಯಾಬೆಲ್ಲ ಬಾಳೆಹಣ್ಣು ಘಮ್ಮೆನ್ನುತ್ತದೆ. ಘಮ ಬಂತೆಂದರೆ ಪ್ರಯೋಗ ಮುಗಿಯಿತು ಅಂದುಕೊಳ್ಳುವುದೇ ಮೊದಲ ತಪ್ಪು. ಅತ್ಯಲ್ಪ ಎಸ್ಟರನ್ನೂ ಮೂಗು ಹಿಡಿಯುತ್ತದೆ. ಶುದ್ಧತೆಯನ್ನು ಹೇಳುವುದು ಥರ್ಮಾಮೀಟರ್. ಇನ್ನು ಪುಸ್ತಕದ ‘ಕೋಣೆಯ ಉಷ್ಣತೆ’ 20–25 ಡಿಗ್ರಿ. ಮೇ ತಿಂಗಳ ಕಲಬುರಗಿಗೆ ಆ ಲೆಕ್ಕ ಹೊಂದುವುದಿಲ್ಲ.

ಇದು ಬಣ್ಣವಿಲ್ಲದ ದ್ರವ. ಅಣುತೂಕ 130, ಸಾಂದ್ರತೆ 0.87, ಕುದಿಬಿಂದು 142 ಡಿಗ್ರಿ. ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 2 ಗ್ರಾಂ ಅಷ್ಟೆ. ಜ್ವಲನಬಿಂದು 25 ಡಿಗ್ರಿಯ ಆಸುಪಾಸು. ಅಂದರೆ ನಮ್ಮ ಬೇಸಿಗೆಯಲ್ಲಿ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಮೇಲೇಳುವ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬರ್ನರ್ ಬೇಡ. ಹೀಟಿಂಗ್ ಮ್ಯಾಂಟಲ್ (ಫ್ಲಾಸ್ಕ್ ಕೂರುವ ವಿದ್ಯುತ್ ಬಟ್ಟಲು) ಅಥವಾ ಹಾಟ್‌ಪ್ಲೇಟ್ ಮೇಲಿನ ಮರಳಿನ ಬಾಣಲೆ ಸಾಕು.

100 ಮಿ.ಲೀ. ರೌಂಡ್ ಬಾಟಮ್ ಫ್ಲಾಸ್ಕಿಗೆ 15 ಮಿ.ಲೀ. ಐಸೊಅಮೈಲ್ ಆಲ್ಕೋಹಾಲ್, 20 ಮಿ.ಲೀ. ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಹಾಕಿ. ಈ ಆಮ್ಲ 16.6 ಡಿಗ್ರಿಗೇ ಗಟ್ಟಿಯಾಗುತ್ತದೆ. ಬೀದರ್‌ನ ಜನವರಿ ಮುಂಜಾನೆ ಬಾಟಲಿ ಮಂಜುಗಡ್ಡೆಯಾಗಿದ್ದರೆ ಕೆಟ್ಟಿದೆಯೆಂದು ಚೆಲ್ಲಬೇಡಿ, ಬಿಸಿನೀರಿನಲ್ಲಿ ಇಟ್ಟು ಕರಗಿಸಿ. ಕ್ರಿಯೆ ಎರಡೂ ದಿಕ್ಕಿಗೆ ನಡೆಯುವುದರಿಂದ ಅಣುಗಳ ಲೆಕ್ಕದಲ್ಲಿ (ಮೋಲ್) ಆಮ್ಲವನ್ನು ಆಲ್ಕೋಹಾಲಿನ ಎರಡೂವರೆ ಪಟ್ಟು ತೆಗೆದುಕೊಂಡಿದ್ದೇವೆ. ಮಿಕ್ಕ ಆಮ್ಲ ನೀರಿನಲ್ಲಿ ತೊಳೆದುಹೋಗುತ್ತದೆ, ಮಿಕ್ಕ ಆಲ್ಕೋಹಾಲ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಇನ್ನು 4 ಮಿ.ಲೀ. ಸಾಂದ್ರ ಗಂಧಕಾಮ್ಲವನ್ನು ಫ್ಲಾಸ್ಕ್ ಅಲುಗಾಡಿಸುತ್ತ ಹನಿಹನಿಯಾಗಿ ಬಿಡಿ. ಒಮ್ಮೆಲೇ ಸುರಿದರೆ ಮಿಶ್ರಣ ಕಂದಾಗಿ ಕರಕಲಾಗುತ್ತದೆ. ಮೇಜು ಶಹಾಬಾದ್ ಫರ್ಸಿಯದಾದರೆ ಕೆಳಗೆ ಟ್ರೇ ಇಡಿ. ಅದು ಸುಣ್ಣಕಲ್ಲು, ಆಮ್ಲ ಬಿದ್ದರೆ ನೊರೆಯೆದ್ದು ಹೊಳಪು ಹೋಗುತ್ತದೆ.

ನಾಲ್ಕಾರು ಪಿಂಗಾಣಿ ಚೂರು ಹಾಕಿ, ಆವಿಯನ್ನು ತಣಿಸುವ ಕಂಡೆನ್ಸರ್ ಕೊಳವೆ ನಿಲ್ಲಿಸಿ, ಕುದಿ ಬಂದ ಮೇಲೆ ಒಂದು ತಾಸು ರಿಫ್ಲಕ್ಸ್ ಮಾಡಿ, ಅಂದರೆ ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಇಳಿಯುವಂತೆ ಕುದಿಸಿ. ಚೂರು ಮರೆತಿದ್ದರೆ ಕುದಿಯುವಾಗ ಹಾಕಬೇಡಿ, ಉಕ್ಕಿ ಬರುತ್ತದೆ, ತಣಿಸಿ ಹಾಕಿ. ಕಂಡೆನ್ಸರ್ ತಣಿಸಲು ತಾಸುಗಟ್ಟಲೆ ನಲ್ಲಿ ಬಿಡುವಷ್ಟು ನೀರು ಎಷ್ಟು ಕಾಲೇಜಿನಲ್ಲಿದೆ? ಇದ್ದರೂ ಮಾಳಿಗೆ ಟ್ಯಾಂಕಿನದು ಸುಡುನೀರು. ಕೂಲರ್‌ನ ಪುಟ್ಟ ಪಂಪನ್ನು ಬಕೆಟ್ಟಿನಲ್ಲಿಟ್ಟು ಅದೇ ನೀರನ್ನು ತಿರುಗಿಸಿ, ಆಗಾಗ ಮಂಜುಗಡ್ಡೆ ಹಾಕಿ.

ನಿಜವಾದ ಕೆಲಸ ಇಲ್ಲಿಂದ ಶುರು. ತಣಿದ ಮಿಶ್ರಣವನ್ನು ಸೆಪರೇಟಿಂಗ್ ಫನಲ್‌ಗೆ (ಬುಡದಲ್ಲಿ ಕಾಕ್ ಇರುವ ಗಾಜಿನ ಆಲಿಕೆ) ಹಾಕಿ 50 ಮಿ.ಲೀ. ತಣ್ಣನೆಯ ನೀರಿನಲ್ಲಿ ತೊಳೆಯಿರಿ. ಎಸ್ಟರ್ ಮೇಲೆ ತೇಲುತ್ತದೆ, ಕೆಳಗಿನದನ್ನು ಬಿಡಿ. ಆಮೇಲೆ ಉಳಿದ ಆಮ್ಲ ತೆಗೆಯಲು ಶೇ 5ರ ಅಡುಗೆ ಸೋಡಾ ದ್ರಾವಣ, 25 ಮಿ.ಲೀ.ನಂತೆ ಎರಡು ಸಲ. ನೊರೆ ನಿಲ್ಲುವವರೆಗೆ ಬಿರಡೆ ಹಾಕಬೇಡಿ. ಹಾಕಿದ ಮೇಲೂ ಪ್ರತಿ ಸಲ ಅಲುಗಾಡಿಸಿ, ತಲೆಕೆಳಗಾಗಿ ಹಿಡಿದು ಕಾಕ್ ತೆರೆದು ಗಾಳಿ ಬಿಡಿ. ಇಲ್ಲದಿದ್ದರೆ ಬಿರಡೆ ಹಾರಿ ಎಸ್ಟರ್ ನಿಮ್ಮ ಮೈಮೇಲೆ. ಹೊರಬಿದ್ದ ಸೋಡಾ ನೀರು ಕೆಂಪು ಲಿಟ್ಮಸ್ಸನ್ನು ನೀಲಿ ಮಾಡಬೇಕು, ಇಲ್ಲವೆಂದರೆ ಇನ್ನೊಮ್ಮೆ ತೊಳೆಯಿರಿ. ಬೋರ್‌ವೆಲ್ ನೀರಲ್ಲಿ ಸೋಡಾ ಕದಡಿದರೆ ಸುಣ್ಣದ ಬಿಳಿ ಕಾಣಬಹುದು. ಡಿಸ್ಟಿಲ್ಡ್ ವಾಟರ್ ಬಾಟಲಿಯನ್ನೇ ಮಣ್ಣಿನ ಗಡಿಗೆಯೊಳಗೆ ಮುಳುಗಿಸಿಟ್ಟು ಬಳಸಿ. ಕೊನೆಗೆ 20 ಮಿ.ಲೀ. ಉಪ್ಪಿನ ಸಂತೃಪ್ತ ದ್ರಾವಣ.

ಒಣಗಿಸಲು 2 ಗ್ರಾಂ ನಿರ್ಜಲ ಮೆಗ್ನೀಸಿಯಂ ಸಲ್ಫೇಟ್, ಹತ್ತು ಹದಿನೈದು ನಿಮಿಷ. ಎಲ್ಲ ಹರಳೂ ಮುದ್ದೆಗಟ್ಟಿದರೆ ಇನ್ನಷ್ಟು ಹಾಕಿ. ಕೆಲವಾದರೂ ಬಿಡಿಬಿಡಿಯಾಗಿ ಓಡಾಡಬೇಕು. ಕೂಲರ್ ಗಾಳಿಯಲ್ಲಿ ತೇವ ಇರುವುದರಿಂದ ಡಬ್ಬಿ ಬೇಗ ಮುಚ್ಚಿ.

ಸೋಸಿ, ಒಣ ಗಾಜಿನಲ್ಲಿ ಡಿಸ್ಟಿಲ್ ಮಾಡಿ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲೆ. ಗಾಳಿಯ ಒತ್ತಡ ಕಡಿಮೆ, ಕುದಿಬಿಂದು ಸುಮಾರು ಎರಡು ಡಿಗ್ರಿ ಕೆಳಗೆ. 142 ಬರಲಿಲ್ಲವೆಂದು ಥರ್ಮಾಮೀಟರನ್ನು ಬೈಯಬೇಡಿ. 134ರಿಂದ 141ರವರೆಗಿನದನ್ನು ಹಿಡಿಯಿರಿ. 100ಕ್ಕಿಂತ ಕೆಳಗೆ ಮಬ್ಬಾದ ಹನಿ ಬಂದರೆ ನೀರು ಉಳಿದಿದೆ, ಮತ್ತೆ ಒಣಗಿಸಿ. 130ರ ಆಸುಪಾಸು ಬಹಳ ಹೊತ್ತು ನಿಂತರೆ ಆಲ್ಕೋಹಾಲ್ ಉಳಿದಿದೆ, ರಿಫ್ಲಕ್ಸ್ ಸಾಲಲಿಲ್ಲ. ಲೆಕ್ಕದ ಇಳುವರಿ 18 ಗ್ರಾಂ. 11–13 ಗ್ರಾಂ ಬಂದರೆ ಒಳ್ಳೆಯ ಕೈ. 17 ದಾಟಿತೋ, ಶುದ್ಧತೆಯ ಮೇಲೇ ಅನುಮಾನ.

ಎಸ್ಟರ್ ಗುರುತಿಸುವ ಹೈಡ್ರಾಕ್ಸಮಿಕ್ ಪರೀಕ್ಷೆಗೆ ಇದು ಒಳ್ಳೆಯ ಮಾದರಿ. ಮೆರುಗು ಬಣ್ಣಗಳ ದ್ರಾವಕವೂ ಹೌದು. ಆವಿ ತಡೆಯುವ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುವುದೂ ಇದರ ವಾಸನೆಯಿಂದಲೇ. ಹಿಂದೆ ಬೆಳಕಿನ ಅಳತೆಗೆ ಬಳಸುತ್ತಿದ್ದ ಹೆಫ್ನರ್ ದೀಪ ಉರಿಯುತ್ತಿದ್ದುದು ಅಮೈಲ್ ಅಸಿಟೇಟಿನಿಂದ. ಆದರೆ ಲ್ಯಾಬಿನಲ್ಲಿ ಮಾಡಿದ್ದನ್ನು ಐಸ್‌ಕ್ರೀಮಿಗೆ ಹಾಕುವ ಆಸೆ ಬೇಡ. ಥರ್ಮಾಕೋಲನ್ನು ಕರಗಿಸುತ್ತದೆ, ರಬ್ಬರ್ ಬಿರಡೆಯನ್ನು ಉಬ್ಬಿಸುತ್ತದೆ. ಗಾಜಿನ ಬಾಟಲಿಗೆ ಗಾಜಿನದೇ ಬಿರಡೆ ಇರಲಿ.

ಕಾಲೇಜಿನ ಆವರಣದಲ್ಲಿ ಹೆಜ್ಜೇನು ಗೂಡು ಇದ್ದರೆ ಇನ್ನೊಂದು ಎಚ್ಚರ. ಕುಟುಕಿದ ಜೇನ್ನೊಣ ಉಳಿದವನ್ನು ದಾಳಿಗೆ ಕರೆಯಲು ಬಿಡುವ ವಾಸನೆಯ ಒಂದು ಮುಖ್ಯ ಅಂಶ ಇದೇ ರಾಸಾಯನಿಕ. 1962ರಲ್ಲಿ ಪತ್ತೆಯಾದ ಸಂಗತಿ. ತ್ಯಾಜ್ಯವನ್ನು ಗಿಡದ ಬುಡಕ್ಕೆ ಸುರಿಯದೆ ಮುಚ್ಚಳವಿರುವ ಡಬ್ಬಿಗೆ ಹಾಕಿ. ಎಸ್ಟರ್ ಚೆಲ್ಲಿದ ಕೋಟನ್ನು ಕಳಚಿಟ್ಟು, ಕೈ ತೊಳೆದೇ ಮರದ ಕೆಳಗೆ ಹೋಗಿ.