ಮೊದಲ ವಾಚನ ನನ್ನ ಪಾಲಿಗೆ ಬಂದಾಗ

ಕಥೋಲಿಕ ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ ಮೊದಲ ವಾಚನ, ಅಂದರೆ ಬೈಬಲಿನಿಂದ ಎಲ್ಲರಿಗೂ ಕೇಳುವಂತೆ ಓದುವ ಮೊದಲ ಭಾಗ, ನನ್ನದು ಅಂತ ಗೊತ್ತಾದ ಕೂಡಲೇ ನಾನು ತೆಗೆದು ನೋಡುವುದು ಅವತ್ತಿನ ಶುಭಸಂದೇಶವನ್ನು, ಯೇಸುವಿನ ಬದುಕು-ಬೋಧನೆ ಹೇಳುವ ಭಾಗವನ್ನು. ಅದನ್ನು ಓದುವವರು ಗುರುಗಳು, ನಿಜ. ಆದರೆ ಸಾಧಾರಣ ಕಾಲದಲ್ಲಿ (ಕ್ರಿಸ್ಮಸ್, ತಪಸ್ಸು, ಈಸ್ಟರ್‌ನಂಥ ವಿಶೇಷ ಕಾಲಗಳ ಹೊರಗಿನ ವಾರಗಳಲ್ಲಿ) ಹಳೆಯ ಒಡಂಬಡಿಕೆಯ, ಅಂದರೆ ಯೇಸುವಿಗೆ ಮೊದಲಿನ ಬೈಬಲ್ ಗ್ರಂಥಗಳ, ಭಾಗವನ್ನು ಆರಿಸಿರುವುದೇ ಶುಭಸಂದೇಶಕ್ಕೆ ಜೋಡಿಯಾಗಿ. ಜೋಡಿ ಎಲ್ಲಿದೆ ಅಂತ ಗೊತ್ತಿಲ್ಲದೆ ಓದಿದರೆ, ಎಲ್ಲಿ ಒತ್ತು ಕೊಡಬೇಕು ಅನ್ನೋದೂ ಗೊತ್ತಾಗುವುದಿಲ್ಲ.

1969ರಲ್ಲಿ ಬಂದ ವಾಚನಗಳ ಪಟ್ಟಿ ಮೂರು ವರ್ಷದ ಸುತ್ತು. ಶುಭಸಂದೇಶ ಮುಖ್ಯವಾಗಿ ಎ ವರ್ಷಕ್ಕೆ ಮತ್ತಾಯ, ಬಿ ವರ್ಷಕ್ಕೆ ಮಾರ್ಕ, ಸಿ ವರ್ಷಕ್ಕೆ ಲೂಕ. ಎ ವರ್ಷದಲ್ಲಿ ಸಾಧಾರಣ ಕಾಲದ 21ನೇ ಭಾನುವಾರ ಪ್ರವಾದಿ ಯೆಶಾಯನ ಗ್ರಂಥದ 22ನೇ ಅಧ್ಯಾಯದ ಐದು ವಚನ ಬರುತ್ತದೆ. ಅರಮನೆಯ ಮೇಲ್ವಿಚಾರಕ ಶೆಬ್ನನನ್ನು ಕೆಲಸದಿಂದ ತೆಗೆದು, ಆ ಜಾಗಕ್ಕೆ ಎಲ್ಯಾಕೀಮನನ್ನು ಕೂರಿಸುವ ಮಾತು. ಸುಮ್ನೆ ಓದಿದರೆ ಯಾವುದೋ ಕಾಲದ ಅರಮನೆ ರಾಜಕೀಯ, ಅಲ್ವಾ? ಆದರೆ ನಡುವೆ ದಾವೀದನ ಮನೆಯ ಬೀಗದ ಕೈ ಎಲ್ಯಾಕೀಮನ ಹೆಗಲೇರುತ್ತದೆ. ಅವನು ತೆರೆದದ್ದನ್ನು ಯಾರೂ ಮುಚ್ಚರು, ಮುಚ್ಚಿದ್ದನ್ನು ಯಾರೂ ತೆರೆಯರು. ಅವತ್ತಿನ ಶುಭಸಂದೇಶ ಮತ್ತಾಯ 16: ಯೇಸು ತಮ್ಮ ಶಿಷ್ಯ ಪೇತ್ರನಿಗೆ ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಕೊಡುತ್ತಾರೆ. ಹಾಗಾಗಿ ಶೆಬ್ನನ ಭಾಗವನ್ನು ಸಾಮಾನ್ಯ ವೇಗದಲ್ಲಿ ದಾಟಿ, ಬೀಗದ ಕೈ ಬಂದಲ್ಲಿ ನಿಧಾನಿಸುತ್ತೇನೆ. ಹತ್ತು ನಿಮಿಷದ ನಂತರ ಅದೇ ಮಾತು ಶುಭಸಂದೇಶದಲ್ಲಿ ಕೇಳಿಸಿದಾಗ ಜನರಿಗೆ ನೆನಪಾಗಬೇಕು.

ಎರಡನೇ ವಾಚನದ ಕಥೆ ಬೇರೆ. ಸಾಧಾರಣ ಕಾಲದಲ್ಲಿ ಅದು ಪೌಲರಂಥವರು ಆದಿ ಕ್ರೈಸ್ತರಿಗೆ ಬರೆದ ಒಂದೇ ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸುತ್ತದೆ, ಶುಭಸಂದೇಶಕ್ಕೆ ಹೊಂದಿಸುವ ಗೋಜಿಲ್ಲ. ಬಲವಂತವಾಗಿ ನಂಟು ಹುಡುಕುವುದು ವ್ಯರ್ಥ ಕೆಲಸ. ಅಲ್ಲಿ ನನ್ನ ಗಮನವೆಲ್ಲ ಉಸಿರಿನ ಮೇಲೆ. ಪೌಲರ ವಾಕ್ಯಗಳು ಉದ್ದುದ್ದ, ಕ್ರಿಯಾಪದ ಬರುವುದು ಕೊನೆಗೆ. ವಾಚನದ ಒಂದು ಪ್ರತಿ ತೆಗೆದುಕೊಂಡು, ಉಸಿರೆಳೆಯುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ, ಮನೆಯಲ್ಲಿ ಜೋರಾಗಿ ಓದುತ್ತೇನೆ. ಮನಸ್ಸಿನಲ್ಲೇ ಓದಿಕೊಂಡರೆ ಎಡವುವ ಜಾಗ ಸಿಗುವುದೇ ಇಲ್ಲ.

ಪಂಚಾಶತ್ತಮ ಹಬ್ಬದ (ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ನೆನಪಿನ ಹಬ್ಬ) ವಾಚನದಲ್ಲಿ ಪಾರ್ಥಿಯ, ಮೇದ್ಯ, ಎಲಾಮ್, ಫ್ರಿಗಿಯ, ಪಂಫಿಲಿಯ ಅಂತ ಸಾಲುಸಾಲು ಹೆಸರು. ಹೆದರುವಂಥದ್ದೇನಿಲ್ಲ. ತಡವರಿಸದೆ ಒಂದೇ ಲಯದಲ್ಲಿ ಓದಿದರೆ ಸಾಕು, ಎಷ್ಟೊಂದು ಊರಿನವರು ಅವತ್ತು ಜೆರುಸಲೇಮಿನಲ್ಲಿ ಸೇರಿದ್ದರು ಅನ್ನೋದು ಆ ಲಯದಲ್ಲೇ ಕೇಳುವವರಿಗೆ ಹೊಳೆಯುತ್ತದೆ.

ಮತ್ತೆ, ವಾಚನದ ಮುಕ್ತಾಯಕ್ಕೆ ಹೇಳುವ 'ಪ್ರಭುವಿನ ವಾಕ್ಯ' ಅನ್ನುವುದನ್ನು ಕೊನೆಯ ವಾಕ್ಯಕ್ಕೆ ಅಂಟಿಸಿ ಓದುವುದು ಬೇಡ. ತಲೆಯೆತ್ತಿ, ಎರಡು ಕ್ಷಣ ಬಿಟ್ಟು, ಆಮೇಲೆ ಹೇಳಿ.