ವಿಮಾನ ಹತ್ತುವ ಮುಂಚೆ ತಿಂಡಿ, ನೀರು: ನನ್ನ ಅನುಭವ

ವಿಮಾನ ನಿಲ್ದಾಣದಲ್ಲಿ ನಾನು ದುಡ್ಡು ಕೊಟ್ಟು ಕೊಳ್ಳುವುದು ಹೆಚ್ಚಾಗಿ ಬಿಸಿ ಕಾಫಿ ಒಂದೇ. ಉಳಿದದ್ದು ಮನೆಯಿಂದ ಬರುತ್ತದೆ. ಕಾಸಿನ ಲೆಕ್ಕ ಇದ್ದೇ ಇದೆ, ಅದಕ್ಕಿಂತ ಜಾಸ್ತಿ ಅಮ್ಮನ ಸಲುವಾಗಿ. ಅವರಿಗೆ ಶುಗರ್ ಇದೆ. ಹೊತ್ತಿಗೆ ಸರಿಯಾಗಿ ಏನಾದರೂ ಹೊಟ್ಟೆಗೆ ಬೀಳಬೇಕು. ವಿಮಾನ ತಡ ಅಂತ ಪಫ್ಸು, ಮಫಿನ್ನು ಕೊಡೋಕಾಗಲ್ಲ ಅಲ್ವಾ?

ನೀರಿಗೆ ಖಾಲಿ ಸ್ಟೀಲ್ ಬಾಟಲಿ ಒಯ್ಯುತ್ತೇನೆ. ಸೆಕ್ಯೂರಿಟಿ ಚೆಕ್ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿ ಸಿಗುತ್ತದೆ, ಅಲ್ಲೇ ತುಂಬಿಸಿಕೊಳ್ಳುತ್ತೇವೆ. ವಿಮಾನದೊಳಗಿನ ಗಾಳಿಯಲ್ಲಿ ತೇವ ಬಹಳ ಕಡಿಮೆ, ಸಾಮಾನ್ಯವಾಗಿ ಶೇ. 20 ಕೂಡ ಇರುವುದಿಲ್ಲ. ಗಂಟಲು ಒಣಗುವುದು ಅದಕ್ಕೇ. ಬಾಟಲಿ ತುಂಬಿಸದೆ ಗೇಟಿನ ಹತ್ತಿರ ಹೋಗಬೇಡಿ.

ಹೊರದೇಶಕ್ಕೆ ಹೋಗುವಾಗ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಡಬ್ಬಿಯಲ್ಲಿ ದ್ರವ ಒಯ್ಯುವಂತಿಲ್ಲ. ಮೊಸರು, ಚಟ್ನಿ, ತುಪ್ಪವೂ ದ್ರವದ ಲೆಕ್ಕಕ್ಕೇ ಸೇರುತ್ತವೆ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ. ತಿಪಟೂರು ಕಡೆಯವರು ಒಂದು ಮಾತು ನೆನಪಿಡಿ: ಇಡೀ ಒಣ ಕೊಬ್ಬರಿಯನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ.

ಇನ್ನು ಏನು ತಿನ್ನಬೇಕು ಅನ್ನುವುದು. ಹಾರುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ. ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತ ಹಾಗೆ ಅನ್ನಿ. ಚಿಪ್ಸ್ ಪ್ಯಾಕೆಟ್ಟನ್ನು ಸೀಟಿನ ಜೇಬಿಗೆ ಸಿಕ್ಕಿಸಿ ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಉಬ್ಬಿ ಬಿಗಿಯಾಗಿರುತ್ತದೆ, ಬೆರಳು ಒತ್ತಿದರೆ ಒಳಗೆ ಹೋಗಲ್ಲ. ಹೊಟ್ಟೆಯೊಳಗಿನ ಗ್ಯಾಸೂ ಹಾಗೇ ಹಿಗ್ಗುತ್ತದೆ. ಅದಕ್ಕೇ ಹತ್ತುವ ಮುಂಚೆ ಸೋಡಾ, ಕೋಲಾ, ಎಣ್ಣೆಯ ಬೋಂಡಾ ನಮಗೆ ಬೇಡ. ಇಡ್ಲಿ ತಿಂದು ಹೊರಡುತ್ತೇವೆ. ಡಬ್ಬಿಯಲ್ಲಿ ಹುರಿದ ಕಡಲೆಬೀಜ, ನಿಪ್ಪಟ್ಟು, ಸ್ವಲ್ಪ ಪುಳಿಯೋಗರೆ. ಮೇಲೆ ಹೋದಾಗ ಉಪ್ಪು, ಸಿಹಿ ನಾಲಿಗೆಗೆ ಸಪ್ಪೆಯಾಗುತ್ತವೆ, ಹುಳಿ, ಖಾರ ಅಷ್ಟು ಕುಂದುವುದಿಲ್ಲ. ಪುಳಿಯೋಗರೆ ಅಲ್ಲೂ ರುಚಿಯಾಗಿರುವುದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ.

ಅಂಗಡಿಯಲ್ಲೇ ಕೊಳ್ಳಬೇಕಾದರೆ ಪ್ಯಾಕೆಟ್ ತಿರುಗಿಸಿ ಎಂಆರ್‌ಪಿ ನೋಡಿ. ಬಿಸ್ಕತ್ತು, ನೀರಿನ ಬಾಟಲಿಗೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕೂತು ಕುಡಿಯುವ ಕಾಫಿಯ ಲೆಕ್ಕ ಬೇರೆ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ವಿಮಾನ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಶುರುವಾಯಿತು. ಆಗ ಅಲ್ಲಿ ಚಹಾಕ್ಕೆ 10 ರೂಪಾಯಿ, ನೀರಿಗೆ 10, ಕಾಫಿಗೆ 20, ಸಮೋಸಾಕ್ಕೆ 20. ಇಂಥದ್ದು ಪ್ರತಿ ಟರ್ಮಿನಲ್‌ನಲ್ಲೂ ಬೇಕು. ಮೊದಲ ಸಲ ಹಾರುವ ಹಳ್ಳಿಯ ಅಜ್ಜ ಅಜ್ಜಿ ಬೆಲೆಪಟ್ಟಿ ಓದಿ ಸುಮ್ನೆ ವಾಪಸ್ ಹೋಗಿ ಕೂರುವುದನ್ನು ನೋಡೋಕಾಗಲ್ಲ.

ಕಾಫಿ ತೆಗೆದುಕೊಳ್ಳುವುದು ಗೇಟ್ ಎಲ್ಲಿದೆ ಅಂತ ನೋಡಿಕೊಂಡ ಮೇಲೇ. ದೇಶದೊಳಗಿನ ವಿಮಾನಗಳ ಗೇಟು ಸಾಮಾನ್ಯವಾಗಿ ಹೊರಡುವ 20–25 ನಿಮಿಷ ಮುಂಚೆಯೇ ಮುಚ್ಚುತ್ತದೆ. ಬೆಂಗಳೂರಿನ ಟರ್ಮಿನಲ್ 2ರಲ್ಲಿ ನಡೆಯುವ ದೂರವೂ ಕಡಿಮೆಯಿಲ್ಲ.

ಜೊತೆಗೆ ಮಕ್ಕಳಿದ್ದರೆ ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಇರಲಿ. ವಿಮಾನ ಕೆಳಗಿಳಿಯುವಾಗ ಚೀಪುತ್ತಾ ಎಂಜಲು ನುಂಗಿದರೆ ಕಿವಿ ಕಟ್ಟಿದ್ದು ಬಿಡುತ್ತದೆ. ತೀರ ಚಿಕ್ಕ ಕೂಸಿಗೆ ಪೆಪ್ಪರ್‌ಮಿಂಟ್ ಬೇಡ, ಹಾಲೇ ಕುಡಿಸಿ.