ಮೂರನೇ ಸಲಕ್ಕೆ ಆನ್ ಆಗುವ ಕಂಪ್ಯೂಟರ್

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಕಳೆದ ಮಳೆಗಾಲದಲ್ಲಿ ಡಿಟಿಪಿ ಮಾಡುವ ಮಾಷ್ಟ್ರೊಬ್ಬರು ಹಳೇ ಪೆಂಟಿಯಮ್ 4 ಹೊತ್ತುಕೊಂಡು ಬಂದರು. "ಬೆಳಿಗ್ಗೆ ಎರಡು ಮೂರು ಸಲ ಒತ್ತಬೇಕು ಮಾರಾಯ. ಒಮ್ಮೆ ಆನ್ ಆದ್ರೆ ಸಂಜೆವರೆಗೆ ಏನೂ ತೊಂದರೆ ಇಲ್ಲ."

ಹೊಸತು ತಗೊಳ್ಳಿ ಅಂದೆ. ಕೇಳಲಿಲ್ಲ. ಮದುವೆ ಕಾಗದ, ಯಕ್ಷಗಾನದ ನೋಟೀಸು ಎಲ್ಲಾ ಹಳೇ ಪೇಜ್‌ಮೇಕರ್ ಸಾಫ್ಟ್‌ವೇರಿನಲ್ಲಿವೆ. ಆ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆ ಕಡೆ ತೆರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗ್ತದೆ ಅಂತ ಅವರ ವಾದ.

ಮೊದಲು ಎಸ್‌ಎಂಪಿಎಸ್, ಅಂದರೆ ಕರೆಂಟು ಕೊಡುವ ಡಬ್ಬಿ, ಬದಲಿಸಿ ನೋಡಿದೆ. ಅದೇ ಕಥೆ. ಮದರ್‌ಬೋರ್ಡಿಗೆ ಟಾರ್ಚ್ ಹಿಡಿದೆ. ಪ್ರೊಸೆಸರ್ ಪಕ್ಕದಲ್ಲಿ 1500 ಮೈಕ್ರೋಫ್ಯಾರಡ್, 6.3 ವೋಲ್ಟಿನ ಏಳು ಕೆಪಾಸಿಟರ್ ಸಾಲಾಗಿದ್ದವು. ಪ್ರೊಸೆಸರಿಗೆ ಹೋಗುವ ಕರೆಂಟು ಏರಿಳಿಯದಂತೆ ಕಾಯುವ ಸಣ್ಣ ಡಬ್ಬಿಗಳಿವು. ಮೂರರ ತಲೆ ಉಬ್ಬಿತ್ತು, ಅದರಲ್ಲಿ ಒಂದರ ಮೇಲೆ ಕಂದು ಬಣ್ಣದ ಹಕ್ಕಳೆ. 2000ದ ಆಸುಪಾಸಿನ ಬೋರ್ಡುಗಳಿಗೆ ಇದು ಮಾಮೂಲಿ ಕಾಯಿಲೆ. ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗ್ತದೆ. ಸಿಡಿಯಬಾರದು ಅಂತ ತಲೆಯ ಮೇಲೆ ಗೀರು ಹಾಕಿರ್ತಾರೆ, ಅದೇ ಬಿರಿಯುವುದು.

ಮೂರನ್ನು ಬದಲಿಸಿ ಕೊಟ್ಟೆ. ಮೂರನೇ ದಿನಕ್ಕೆ ಮಾಷ್ಟ್ರು ಮತ್ತೆ ಹಾಜರ್.

ಈ ಸಲ ಹೆಂಡತಿಯ ಹೇರ್ ಡ್ರೈಯರ್ ತಂದೆ. ಆ ಸಾಲಿಗೆ ಒಂದು ನಿಮಿಷ ಬಿಸಿಗಾಳಿ ಬಿಟ್ಟು ಒತ್ತಿದರೆ ಮೊದಲ ಸಲಕ್ಕೇ ಆನ್! ಕೆಟ್ಟ ಕೆಪಾಸಿಟರ್ ಬಿಸಿಯಾದರೆ ಸ್ವಲ್ಪ ಚೇತರಿಸಿಕೊಳ್ತದೆ. ಅಂದರೆ ತಲೆ ಚಪ್ಪಟೆ ಇದ್ದವೂ ಸತ್ತಿದ್ದವು. ಒಂದನ್ನು ತೆಗೆದು ಮಲ್ಟಿಮೀಟರಿಗೆ ಹಿಡಿದರೆ 1500ಕ್ಕೆ 1300 ಚಿಲ್ಲರೆ, ಪಾಸ್. ಕಾಸರಗೋಡಿನ ಟಿವಿ ಮೆಕ್ಯಾನಿಕ್ ಗೆಳೆಯನ ಇಎಸ್‌ಆರ್ (ಕೆಪಾಸಿಟರಿನ ಒಳಗಿನ ತಡೆ) ಮೀಟರಿಗೆ ಹಿಡಿದರೆ ಒಂದು ಓಮ್‌ಗಿಂತ ಜಾಸ್ತಿ! ಹೊಸದರಲ್ಲಿ ಅದು 0.05 ಕೂಡ ಇರೋದಿಲ್ಲ. ಅಂದಿನಿಂದ ಒಂದು ಉಬ್ಬಿದ್ದರೂ ಅದೇ ಕಂಪನಿಯ, ಅದೇ ಸಾಲಿನ ಎಲ್ಲವನ್ನೂ ಕೀಳುತ್ತೇನೆ.

ಕೀಳುವುದೇ ದೊಡ್ಡ ಕೆಲಸ. ಮೈನಸ್ ಕಾಲು ಬೋರ್ಡಿನೊಳಗಿನ ಅಗಲ ತಾಮ್ರಕ್ಕೆ ಸೇರಿರುತ್ತದೆ, ಬಿಸಿಯನ್ನೆಲ್ಲ ಅದು ಕುಡಿದುಬಿಡುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಅಲ್ಲಿ ಸುಮ್ನೆ. 60 ವ್ಯಾಟಿನದು ಹಿಡಿದು, ಹಳೇ ಲೆಡ್ (ಬೆಸುಗೆ) ಮೇಲೆ ಸ್ವಲ್ಪ ಹೊಸ ಲೆಡ್ ಹಾಕಿ, ಒಂದು ಕಾಲು ಬಿಸಿ ಮಾಡಿ ಆಚೆ ವಾಲಿಸುವುದು, ಇನ್ನೊಂದು ಬಿಸಿ ಮಾಡಿ ಈಚೆ. ಜಗ್ಗಿದರೆ ತೂತಿನ ಒಳಗೋಡೆ ಕಾಲಿನ ಜೊತೆಗೇ ಬರ್ತದೆ, ಬೋರ್ಡ್ ಗುಜರಿಗೆ. ತೂತು ಬಿಡಿಸಲು ನನ್ನ ಆಯುಧ ಹಿಡಿಸೂಡಿ (ಪೊರಕೆ) ಕಡ್ಡಿ. ತುದಿ ಕೆರೆದು ಚೂಪು ಮಾಡಿ, ಲೆಡ್ ಕರಗುತ್ತಿದ್ದಂತೆ ತೂರಿಸಿ ತಿರುಗಿಸಿದರೆ ಸಾಕು. ಕಡ್ಡಿಗೆ ಲೆಡ್ ಅಂಟುವುದಿಲ್ಲ.

ಹೊಸದನ್ನು ಮಂಗಳೂರಿನಿಂದ ತಂದೆ. ಲೋ ಇಎಸ್‌ಆರ್, 105 ಡಿಗ್ರಿ ಬಿಸಿ ತಾಳುವುದೇ ಬೇಕು. ವೋಲ್ಟ್ 10 ಇದ್ದರೂ ನಡೀತದೆ, ಆದರೆ ದಪ್ಪವಾದರೆ ಹೀಟ್‌ಸಿಂಕಿಗೆ ತಾಗ್ತದೆ. ಕೆಪಾಸಿಟರಿನ ಪಟ್ಟಿ ಇರುವ ಕಡೆ ಮೈನಸ್. ಬೋರ್ಡಿನ ಬಿಳಿ ಗುರುತನ್ನು ಮಾತ್ರ ನಂಬಬೇಡಿ, ಕೆಲವದರಲ್ಲಿ ಅದು ಪ್ಲಸ್. ತೆಗೆಯುವ ಮೊದಲೇ ಫೋಟೋ ಹೊಡೆದಿಟ್ಟುಕೊಳ್ಳಿ.

ಮಾಷ್ಟ್ರು ಬಂದು ಒತ್ತಿದರು, ಫ್ಯಾನ್ ತಿರುಗಿತು. ಅಭ್ಯಾಸಬಲದಿಂದ ಇನ್ನೊಮ್ಮೆ ಒತ್ತಿದರು. ಆಫ್.